ಬೇಸಿಗೆಯ ಸುಖಕ್ಕೆ ಬೇಕಿರುವುದು ಊರಿನ ನೆರಳು

ಯುಗಾದಿ ಕಳೆದು ಬಿಸಿಲು ಏರತೊಡಗಿದರೆ ಸಾಕು, ಮಧ್ಯಮವರ್ಗದ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಈ ಸಲ ಎಲ್ಲಿಗೆ ಹೋಗೋಣ? ಊಟಿ, ಕೊಡೈಕೆನಾಲ್, ಮಡಿಕೇರಿ, ಮನಾಲಿ ಎಂದು ಪಟ್ಟಿ ಬೆಳೆಯುತ್ತದೆ. ಬೇಸಿಗೆ ಎಂದರೆ ತಪ್ಪಿಸಿಕೊಳ್ಳಬೇಕಾದ ಕಾಲ, ದುಡ್ಡಿದ್ದವರು ತಂಪಿನ ಕಡೆಗೆ ಓಡಬೇಕು, ಇಲ್ಲದವರು ಫ್ಯಾನಿನ ಕೆಳಗೆ ಕೂತು ಜೂನ್ ತಿಂಗಳಿಗೆ ಕಾಯಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಎಲ್ಲರೂ ಒಂದೇ ಬೆಟ್ಟದತ್ತ ಓಡಿದರೆ ಏನಾಗುತ್ತದೆ ಎಂಬುದನ್ನೂ ಕಣ್ಣಾರೆ ಕಂಡಿದ್ದೇವೆ. ಊಟಿ ಮತ್ತು ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. ಅದಕ್ಕೆ ಮದ್ರಾಸ್ ಹೈಕೋರ್ಟೇ ಆದೇಶ ನೀಡಬೇಕಾಯಿತು. ತಂಪು ಹುಡುಕಿ ಹೋದವರು ಘಾಟಿಯ ತಿರುವಿನಲ್ಲಿ ಕಾರಿನ ಎಂಜಿನ್ ಶಾಖದ ನಡುವೆ ಗಂಟೆಗಟ್ಟಲೆ ನಿಲ್ಲುವುದು ಬೇಸಿಗೆಯ ಸುಖವಾಗಲಾರದು. ಕನ್ನಡ ನಾಡಿನ ಬೇಸಿಗೆಗೆ ತನ್ನದೇ ಊಟ, ಓದು, ಸಂಗೀತ, ತಿರುಗಾಟಗಳಿವೆ. ಅವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಿಲ್ಲ. ಆದರೆ ಆ ಸುಖ ಒಬ್ಬೊಬ್ಬರೇ ಕೊಂಡು ತರುವಂಥದ್ದಲ್ಲ. ಊರು ಒಟ್ಟಾಗಿ ಕಾಯ್ದುಕೊಂಡ ನೆರಳು, ನೀರು ಮತ್ತು ಬಿಡುವಿನ ಮೇಲೆ ನಿಂತದ್ದು. ಬೇಸಿಗೆ ಇಂದು ನಮಗೆ ಅಸಹನೀಯವಾಗಿರುವುದಕ್ಕೆ ಬಿಸಿಲಿನಷ್ಟೇ ಈ ಮೂರನ್ನು ನಾವು ಕೈಬಿಟ್ಟದ್ದೂ ಕಾರಣ.

ಬೇಸಿಗೆಯನ್ನು ಸವಿಯುವ ಕಾಲವೆಂದು ನೋಡುವುದು ಹೊಸ ಮಾತಲ್ಲ. ಕಾಳಿದಾಸನ ‘ಋತುಸಂಹಾರ’ ಆರು ಋತುಗಳ ಕಾವ್ಯ. ಅದು ಆರಂಭವಾಗುವುದು ವಸಂತದಿಂದಲ್ಲ, ಗ್ರೀಷ್ಮದಿಂದ. ‘ಅಭಿಜ್ಞಾನ ಶಾಕುಂತಲ’ದ ಪ್ರಸ್ತಾವನೆಯಲ್ಲಿ ಸೂತ್ರಧಾರ ನಟಿಗೆ ಹಾಡಲು ಹೇಳುವುದೂ ಆಗಷ್ಟೇ ಕಾಲಿಟ್ಟ ಬೇಸಿಗೆಯನ್ನು ಕುರಿತೇ. ಅಲ್ಲಿ ಅವನು ಈ ಋತುವಿನ ನಾಲ್ಕು ಹಿತಗಳನ್ನು ಎಣಿಸುತ್ತಾನೆ: ನೀರಿಗಿಳಿಯುವ ಸುಖ, ಪಾದರಿ ಹೂವಿನ ಪರಿಮಳ ಹೊತ್ತ ಗಾಳಿ, ದಟ್ಟ ನೆರಳಿನಲ್ಲಿ ತಾನಾಗಿ ಕಣ್ಣಿಗಿಳಿಯುವ ನಿದ್ದೆ, ದಿನ ಮುಗಿಯುವಾಗಿನ ಚೆಲುವು. ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು, ಎಸ್.ವಿ. ಪರಮೇಶ್ವರ ಭಟ್ಟರು ಕಾಳಿದಾಸನ ಕೃತಿಗಳನ್ನೆಲ್ಲ ಕನ್ನಡಿಸಿದರು. ಹೀಗಾಗಿ ಕನ್ನಡದ ಓದುಗರಿಗೆ ಈ ಮಾತು ಬಹುಕಾಲದಿಂದ ಪರಿಚಿತ. ನೀರು, ಗಾಳಿ, ನೆರಳು, ಸಂಜೆ ಎಂಬ ಈ ನಾಲ್ಕರಲ್ಲಿ ಒಂದಾದರೂ ಅಂಗಡಿಯಲ್ಲಿ ಸಿಗುವ ವಸ್ತುವೇ? ಒಂದಾದರೂ ಒಬ್ಬರ ಸ್ವಂತ ಸೊತ್ತೇ? ಕೆರೆ, ತೋಪು, ಬಯಲು ಇದ್ದ ಊರಿಗೆ ಇವು ತಾವಾಗಿ ದಕ್ಕುತ್ತಿದ್ದವು. ಅವು ಇಲ್ಲದ ಊರಿನಲ್ಲಿ ಎಷ್ಟು ದುಡ್ಡು ಸುರಿದರೂ ನಾಲ್ಕು ಗೋಡೆಯ ನಡುವಿನ ತಂಪು ಸಿಕ್ಕೀತೇ ಹೊರತು ಬೇಸಿಗೆಯ ಸುಖ ಸಿಗದು.

ಮೊದಲು ಊಟವನ್ನೇ ನೋಡೋಣ. ರಾಮನವಮಿಯ ಪ್ರಸಾದ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಪಾನಕಕ್ಕೆ ಬೆಲ್ಲ ಕರಗಿಸಿದ ನೀರು, ನಿಂಬೆರಸ, ಏಲಕ್ಕಿ, ಮೆಣಸು, ಶುಂಠಿ. ಕೋಸಂಬರಿಗೆ ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಉಪ್ಪು. ಮಜ್ಜಿಗೆಗೆ ಜಜ್ಜಿದ ಶುಂಠಿ, ಹಸಿಮೆಣಸು, ಕರಿಬೇವು. ಬೇಕಿದ್ದರೆ ಒಂದು ಚಮಚ ಒಗ್ಗರಣೆ, ಅಷ್ಟೇ. ಮೂರಕ್ಕೂ ಒಲೆಯ ಹಂಗಿಲ್ಲ. ಬಿಸಿಲು ಬಲಿಯುವ ಹೊತ್ತಿಗೆ ಅಡುಗೆಮನೆಯ ಉರಿ ತಗ್ಗಿಸಿ, ಬೆವರಿನಲ್ಲಿ ಕಳೆದ ನೀರು ಮತ್ತು ಉಪ್ಪನ್ನು ಮೈಗೆ ಮರಳಿ ಕೊಡುವ ಜಾಣತನ ಈ ಪ್ರಸಾದದಲ್ಲಿದೆ. ಮಲೆನಾಡು, ಕರಾವಳಿಯ ತಂಬುಳಿಯೂ ಇದೇ ದಾರಿಯದು: ಒಂದೆಲಗದ ಎಲೆಯನ್ನು ಕಾಯಿತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆಯಲ್ಲಿ ಕದಡಿದರೆ ಅನ್ನಕ್ಕೆ ಕಲಸಲೂ ಆಯಿತು, ಲೋಟದಲ್ಲಿ ಕುಡಿಯಲೂ ಆಯಿತು. ಬಯಲುಸೀಮೆಯ ರಾಗಿ ಅಂಬಲಿಯನ್ನು ರಾತ್ರಿಯೇ ಕಾಯಿಸಿ ಆರಿಸಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ, ಈರುಳ್ಳಿ ನಂಚಿಕೊಂಡು ಕುಡಿದು ಹೊಲಕ್ಕೆ ಹೋದವರು ಮಧ್ಯಾಹ್ನದವರೆಗೆ ಸೊರಗುತ್ತಿರಲಿಲ್ಲ. ಇನ್ನು ಮನೆಯೊಳಗಿನ ಒಲೆ ಬಿಡುವು ಪಡೆಯುವ ಈ ದಿನಗಳಲ್ಲೇ ಮಾಳಿಗೆಯ ಮೇಲೆ ಬಿಸಿಲೊಲೆ ಹೊತ್ತಿಕೊಳ್ಳುತ್ತದೆ. ಅರಳು ಸಂಡಿಗೆ, ಹಲಸಿನ ಹಪ್ಪಳ, ಬಾಳಕದ ಮೆಣಸಿನಕಾಯಿ ಒಣಗುವುದು ಆಗಲೇ. ಬೇಸಿಗೆಯ ಬಿಸಿಲನ್ನು ಡಬ್ಬಿಯಲ್ಲಿ ತುಂಬಿಟ್ಟು ಆಷಾಢದ ಮಳೆಗೆ ಕರಿದು ತಿನ್ನುವ ಏರ್ಪಾಡು ಅದು.

ಹಣ್ಣುಗಳ ಮಾತು ಬಂದರೆ ಬೇಸಿಗೆಗೆ ಸಾಟಿಯಾದ ಕಾಲವೇ ಇಲ್ಲ. ಶ್ರೀನಿವಾಸಪುರದ ತೋಟಗಳಿಂದ, ರಾಮನಗರದಿಂದ ಬಾದಾಮಿ, ಮಲ್ಲಿಕಾ, ರಸಪೂರಿ, ತೋತಾಪುರಿ ಸಾಲುಸಾಲಾಗಿ ಬರುತ್ತವೆ. ಧಾರವಾಡಕ್ಕೆ ಅದರ ಆಪೂಸು, ಅಂಕೋಲೆಗೆ ಅದರ ಕರಿ ಈಶಾಡು. ಸಾಗರ, ಸಿರ್ಸಿ ಕಡೆಯ ಅಪ್ಪೆಮಿಡಿ ಹಣ್ಣಾಗುವ ತನಕ ಕಾಯುವುದೇ ಇಲ್ಲ. ಮಿಡಿಯಲ್ಲೇ ಭರಣಿ ಸೇರುತ್ತದೆ. ಅಲ್ಲಿಯ ಅಪ್ಪೆಹುಳಿಗೆ ಬೇಕಿರುವುದು ಒಂದು ಮಾವಿನಕಾಯಿ ಬೇಯುವಷ್ಟು ಉರಿ: ಬೆಂದ ಕಾಯಿಯನ್ನು ಕಿವುಚಿ, ನೀರು ಬೆರೆಸಿ, ಉಪ್ಪು ಹಾಕಿ, ಸಾಸಿವೆ, ಇಂಗು, ಮೆಣಸಿನ ಒಗ್ಗರಣೆ ಕೊಟ್ಟು ಊಟದ ಕೊನೆಗೆ ಲೋಟ ಎತ್ತಿದರೆ ಸೆಕೆ ಅರ್ಧ ಇಳಿದಂತೆ. ಕರಾವಳಿಯಲ್ಲಿ ಇದೇ ಕೆಲಸವನ್ನು ಪುನರ್ಪುಳಿ ಮಾಡುತ್ತದೆ. ತಾಟಿನುಂಗು, ಕರಬೂಜ, ಬೇಲದ ಹಣ್ಣಿನ ಪಾನಕ, ಎಳನೀರು ರಸ್ತೆಬದಿಯಲ್ಲೇ ಸಿಗುತ್ತವೆ. ಇಷ್ಟು ಕಣ್ಣೆದುರಿಗಿರುವಾಗ ಕೈ ಫ್ರಿಜ್ಜಿನ ಕೋಲಾ ಬಾಟಲಿಯತ್ತ ಹೋಗುತ್ತದೆ. 330 ಮಿಲಿಲೀಟರಿನ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಪಾನಕದಲ್ಲೂ ಬೆಲ್ಲವಿಲ್ಲವೇ ಎಂದು ಕೇಳುವುದು ನ್ಯಾಯವೇ. ಇದೆ, ಮಧುಮೇಹಿಗಳಿಗೆ ಎರಡೂ ಒಳ್ಳೆಯದಲ್ಲ. ಆದರೆ ಪಾನಕದ ಬೆಲ್ಲ ಎಷ್ಟಿರಬೇಕೆಂದು ತೀರ್ಮಾನಿಸುವವರು ಮನೆಯವರೇ, ಮಜ್ಜಿಗೆಗೆ ಅದೂ ಬೇಡ. ಜೊತೆಗೆ ಒಂದು ಎಳನೀರಿಗೆ ಕೊಟ್ಟ ದುಡ್ಡು ಬಹುಪಾಲು ಊರಿನ ಸುತ್ತಮುತ್ತಲೇ ಉಳಿಯುತ್ತದೆ. ನಾಲಿಗೆಯ ಸುಖ ಪಕ್ಕದ ತೋಟದವರ ಬದುಕಿಗೂ ಆಸರೆಯಾಗುವುದು ಸಣ್ಣ ಸಂಗತಿಯಲ್ಲ.

ಬೇಸಿಗೆಯ ಎರಡನೇ ಗುಟ್ಟು ಗಡಿಯಾರದಲ್ಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲನ್ನು ಬದಲಿಸಲಾಗದು, ದಿನಚರಿಯನ್ನು ಬದಲಿಸಬಹುದು ಎಂದು ಸರ್ಕಾರವೇ ಒಪ್ಪಿಕೊಂಡಂತೆ ಇದು. ಈ ಲೆಕ್ಕದಲ್ಲಿ ಬೇಸಿಗೆಯ ನಡುಹಗಲು ವ್ಯರ್ಥವಲ್ಲ. ಅದು ಓದಿಗೆಂದೇ ಬಂದ ಹೊತ್ತು. ವರ್ಷವಿಡೀ ಕೈಗೆತ್ತಿಕೊಳ್ಳಲು ಹೆದರುವ ದೊಡ್ಡ ಕಾದಂಬರಿಗಳಿಗೆ ಇದೇ ಸುಮುಹೂರ್ತ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 700 ಪುಟಗಳ ಆಸುಪಾಸಿನದು. ದಿನಕ್ಕೆ 35 ಪುಟ ಓದಿದರೆ 20 ಮಧ್ಯಾಹ್ನಗಳಲ್ಲಿ ಮುಗಿಯುತ್ತದೆ, ಹೊರಗೆ ರಸ್ತೆ ಕಾಯುತ್ತಿರುವಾಗ ಮನಸ್ಸು ಮಲೆನಾಡಿನ ಜಡಿಮಳೆಯಲ್ಲಿ ತೊಯ್ದು ಬರುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ ಕಡಲ ತೀರದ ಮೂರು ತಲೆಮಾರುಗಳ ಬದುಕನ್ನು ಕಾಣಿಸುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಓದಿ ಮುಗಿಸಿದ ಹುಡುಗ ಹಿತ್ತಲಿನ ಓತಿಕ್ಯಾತವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ. ಎಲ್ಲ ಮನೆಗಳಲ್ಲೂ ಪುಸ್ತಕ ಇರುವುದಿಲ್ಲ, ಕೂತು ಓದಲು ತಂಪಾದ ಜಾಗವೂ ಇರುವುದಿಲ್ಲ. ಅದಕ್ಕಾಗಿಯೇ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು, ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತಿರುವುದು. ನಗರದಲ್ಲಿ ಬಡಾವಣೆಯ ಶಾಖೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇವೆ. ದುಡ್ಡು ಕೊಟ್ಟಾಗಿದೆ, ಕಟ್ಟಡ ಇದೆ. ಮಧ್ಯಾಹ್ನ 12ರಿಂದ 4ರವರೆಗೆ ಅಲ್ಲಿ ಬಾಗಿಲು ತೆರೆದಿದ್ದು, ಫ್ಯಾನು ತಿರುಗುತ್ತಿದ್ದು, ಕುಡಿಯುವ ನೀರು ಇದ್ದರೆ ಬೇಸಿಗೆಯಲ್ಲಿ ಅದಕ್ಕಿಂತ ಒಳ್ಳೆಯ ಆಶ್ರಯ ಬೇರೆ ಬೇಕಿಲ್ಲ.

ನಡುಹಗಲು ಓದಿಗಾದರೆ ಇಳಿಹೊತ್ತು ಮತ್ತು ರಾತ್ರಿ ಸಂಗೀತಕ್ಕೆ. ನಮ್ಮ ಕಲೆಗಳ ಪಂಚಾಂಗವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಕರ್ನಾಟಕ ಸಂಗೀತದ ದೊಡ್ಡ ಹಬ್ಬಗಳಲ್ಲಿ ಒಂದು. ಮುಚ್ಚಿದ ಹವಾನಿಯಂತ್ರಿತ ಸಭಾಂಗಣದಲ್ಲಿ ನಡೆಯುವ ಉತ್ಸವವಲ್ಲ ಅದು. ಮೈದಾನದಲ್ಲಿ ಚಪ್ಪರ ಹಾಕಿ, ಬಿಸಿಲು ಇಳಿದ ಮೇಲೆ, ಸಂಜೆಗಾಳಿಯಲ್ಲಿ ಕೇಳುವ ಸಂಗೀತ. ಕರಾವಳಿಯಲ್ಲಿ ಕೊಯ್ಲು ಮುಗಿದ ಗದ್ದೆಬಯಲೇ ರಂಗಸ್ಥಳ. ಮಳೆ ನಿಂತ ಮೇಲೆ ತಿರುಗಾಟಕ್ಕೆ ಹೊರಡುವ ಯಕ್ಷಗಾನ ಮೇಳಗಳು ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಯವರೆಗೆ ಚೆಂಡೆಯ ಸದ್ದು ಕೇಳಿದತ್ತ ಊರಿಗೆ ಊರೇ ಚಾಪೆ ಹಿಡಿದು ಹೋಗುತ್ತದೆ, ಹರಕೆಯ ಆಟಕ್ಕೆ ಟಿಕೆಟ್ಟಿನ ಮಾತೇ ಇಲ್ಲ. ಬೆಂಗಳೂರಿನ ಕರಗ ಹೊರಡುವುದೂ ಚೈತ್ರದ ಹುಣ್ಣಿಮೆಯ ರಾತ್ರಿಯೇ. ಹಗಲು ಸುಡುವ ಕಾಲದಲ್ಲಿ ಊರು ತನ್ನ ಸಂಭ್ರಮವನ್ನು ರಾತ್ರಿಗೆ ವರ್ಗಾಯಿಸಿಕೊಂಡ ರೀತಿ ಇದು. ಮನೆಯಲ್ಲೇ ಕೇಳುವವರಿಗೂ ದಾರಿಯಿದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ಸಾರಂಗದ ಪ್ರಕಾರಗಳು ನಡುಹಗಲಿನ ರಾಗಗಳು. ಧಾರವಾಡ, ಹುಬ್ಬಳ್ಳಿಯ ನೆಲದಿಂದ ಬೆಳೆದ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರಂಥ ಗಾಯಕರನ್ನು ನಮಗೆ ಕೊಟ್ಟ ಪದ್ಧತಿ ಅದು. ಕಿಟಕಿಯ ಪರದೆ ಇಳಿಸಿ, ಮಧ್ಯಾಹ್ನ 2 ಗಂಟೆಗೆ ಶುದ್ಧ ಸಾರಂಗವನ್ನೋ ವೃಂದಾವನಿ ಸಾರಂಗವನ್ನೋ ಕೇಳಿದರೆ ಸುಡುವ ಹೊತ್ತಿಗೂ ಒಂದು ಶ್ರುತಿಯಿದೆ ಎಂಬುದು ಅರ್ಥವಾಗುತ್ತದೆ.

ತಿರುಗಾಟಕ್ಕೂ ಇದೇ ಗಡಿಯಾರ ಅನ್ವಯಿಸುತ್ತದೆ: ಬೆಳಿಗ್ಗೆ 9ರ ಒಳಗೆ, ಇಲ್ಲವೇ ಸಂಜೆ 5ರ ಮೇಲೆ. ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸಿಗುವ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಬೇಸಿಗೆಯ ಒಂದು ಮುಂಜಾನೆ ಹೋಗಿ ನೋಡಬೇಕು. ಬಣ್ಣದ ಕೊಕ್ಕರೆಗಳು, ಹೆಜ್ಜಾರ್ಲೆಗಳು ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುವುದು ಇದೇ ದಿನಗಳಲ್ಲಿ. ಕೆಳಗೆ ಹಟ್ಟಿಯಲ್ಲಿ ಎಮ್ಮೆ ಕಟ್ಟಿರುತ್ತದೆ, ಮೇಲೆ ರೆಂಬೆಯಲ್ಲಿ ತಾಯಿ ಹಕ್ಕಿ ರೆಕ್ಕೆ ಅಗಲಿಸಿ ಮರಿಗಳಿಗೆ ಬಿಸಿಲು ತಾಗದಂತೆ ನಿಂತಿರುತ್ತದೆ. ಬೇಸಿಗೆಯಲ್ಲಿ ನೆರಳು ಎಂದರೇನು ಎಂಬುದನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವಿಲ್ಲ. ಇನ್ನು ಮರಗಳ ಹೂವಂತೂ ಈ ಕಾಲದ ಸ್ವಂತ ಆಸ್ತಿ. ಮುತ್ತುಗ ಉದುರುವ ಹೊತ್ತಿಗೆ ಹೊಂಗೆ ಚಿಗುರಿ ಹೂ ಬಿಡುತ್ತದೆ, ಬೇವು ಹೂತ ಮೇಲೆ ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ, ಮೇ ತಿಂಗಳಲ್ಲಿ ಗುಲ್‌ಮೊಹರ್ ಕೆಂಪಾಗುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಒಂದರ ನಂತರ ಒಂದು ಮರ ಹೂಬಿಡುವಂತೆ ಯೋಜಿಸಿ ನೆಡಿಸಿದವರು ಲಾಲ್‌ಬಾಗ್‌ನ ಜಿ.ಎಚ್. ಕ್ರುಂಬಿಗಲ್. ಆ ಸಾಲುಮರಗಳು ಉಳಿದಿರುವ ರಸ್ತೆಯಲ್ಲಿ ಸಂಜೆ ನಡೆದುಬರುವುದೂ ಒಂದು ಪ್ರವಾಸವೇ. ಮಲ್ಲಿಗೆ ತುಂಬಿ ಅರಳುವ ಕಾಲವೂ ಇದೇ. ಹಡಗಲಿ, ಮೈಸೂರು, ಉಡುಪಿ ಎನ್ನುವಾಗಲೇ ಮೂರು ಬಗೆಯ ಪರಿಮಳ ನೆನಪಾಗುತ್ತದೆ. ದೂರದ ಊರಿಗೆ ಹೋಗಲೇಬಾರದು ಎಂದು ಯಾರೂ ಹೇಳಬೇಕಿಲ್ಲ; ಬೆಟ್ಟದ ಊರುಗಳಲ್ಲೂ ಪ್ರವಾಸಿಗರನ್ನು ನಂಬಿ ಬದುಕುವವರಿದ್ದಾರೆ. ಆದರೆ ವರ್ಷಕ್ಕೊಮ್ಮೆ 3 ದಿನ ಹೋಗಿಬರುವ ಊರಿಗಾಗಿ ಉಳಿದ 60 ದಿನ ಬದುಕುವ ಊರನ್ನು ಮರೆಯುವುದು ಸರಿಯಲ್ಲ.

ಇಷ್ಟಕ್ಕೆ ಬರುವ ದೊಡ್ಡ ಆಕ್ಷೇಪ ಇದು: ಸೂರಿನಡಿ ಕೂತವರಿಗೆ ಮಾತ್ರ ಬೇಸಿಗೆ ಸುಖ. ಡಾಂಬರು ಹಾಕುವವರಿಗೆ, ಗಾರೆ ಕೆಲಸದವರಿಗೆ, ಪೌರಕಾರ್ಮಿಕರಿಗೆ, ಬೈಕಿನ ಮೇಲೆ ಊಟ ಹೊತ್ತು ತರುವ ಹುಡುಗರಿಗೆ ಕಾದಂಬರಿ ಓದುವ ಮಧ್ಯಾಹ್ನ ಎಲ್ಲಿದೆ? ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಬೇಸಿಗೆಯನ್ನು ಹೊಗಳುವುದು ತಪ್ಪು. ಆದರೆ ಈ ಆಕ್ಷೇಪ ಮೇಲಿನ ವಾದವನ್ನು ಗಟ್ಟಿಗೊಳಿಸುತ್ತದೆ. ನೆರಳು, ನೀರು, ಬಿಡುವು ದುಡ್ಡು ಕೊಟ್ಟು ಕೊಳ್ಳಬೇಕಾದ ಸರಕುಗಳಾದಾಗ ಮೊದಲು ಸೋಲುವವರು ಇವರೇ. ಕಚೇರಿಯ ನೌಕರರಿಗೆ ವೇಳಾಪಟ್ಟಿ ಬದಲಿಸಬಹುದಾದರೆ ಬಯಲಿನಲ್ಲಿ ದುಡಿಯುವವರಿಗೆ ಕೂಲಿ ಕಡಿತವಿಲ್ಲದೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮ ಕೊಡಲು ಏನಡ್ಡಿ? ಹಿಂದೆ ದಾರಿಹೋಕರಿಗೆಂದು ಅರವಟ್ಟಿಗೆ ಇಡುತ್ತಿದ್ದರು. ಅರವಟ್ಟಿಗೆಗೆ ದತ್ತಿ ಬಿಟ್ಟ ಉಲ್ಲೇಖಗಳು ನಮ್ಮ ಶಾಸನಗಳಲ್ಲೇ ಇವೆ. ಹಳ್ಳಿಗೊಂದು ಗುಂಡುತೋಪು ಇರುತ್ತಿತ್ತು, ಅದರ ನೆರಳಿಗೆ ಒಡೆಯರಿರಲಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ನೀರು ಹೊತ್ತು ಬೆಳೆಸಿದ ಆಲದ ಮರಗಳ ಕೆಳಗೆ ನಡೆಯಲು ಯಾರೂ ಶುಲ್ಕ ಕಟ್ಟಬೇಕಿಲ್ಲ. ಕೂಲಿ ಮಾಡಿ ಬದುಕಿದ ಇಬ್ಬರು ಊರಿಗೆ ಕೊಟ್ಟ ಬೇಸಿಗೆಯ ಸುಖ ಅದು.

ಇನ್ನೊಂದು ಆಕ್ಷೇಪ, ಬಿಸಿಲೇ ಮೊದಲಿನದ್ದಲ್ಲ ಎಂಬುದು. ನಿಜ. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಇಂಥ ಬಿಸಿಲನ್ನು ಮಜ್ಜಿಗೆಯಿಂದಷ್ಟೇ ಗೆಲ್ಲಲಾಗದು. ವೃದ್ಧರು, ಮಕ್ಕಳು, ರೋಗಿಗಳು ಇರುವ ಮನೆಗೆ ಫ್ಯಾನು, ಕೂಲರು ಬೇಕೇ ಬೇಕು. ಆದರೆ ಈ ಕಾವಿನಲ್ಲಿ ನಮ್ಮ ಪಾಲೂ ಇದೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ರಸ್ತೆ ಅಗಲಿಸಲು ಸಾಲುಮರ ಕಡಿದೆವು, ಗುಂಡುತೋಪುಗಳನ್ನು ನಿವೇಶನ ಮಾಡಿದೆವು. ಭೂಮಿಯ ಹವೆಯನ್ನು ಒಂದು ಊರು ಒಂಟಿಯಾಗಿ ಬದಲಿಸಲಾರದು, ತನ್ನ ಬೀದಿಯ ಕಾವನ್ನು ಖಂಡಿತ ತಗ್ಗಿಸಬಲ್ಲದು. ಹಾಗೆಂದು ಹಳೆಯ ಕಾಲವನ್ನೇ ಮರಳಿ ತರಬೇಕೆಂಬುದು ಈ ವಾದದ ಅರ್ಥವಲ್ಲ. ಆ ಕಾಲದ ಕೆರೆ, ಬಾವಿ, ಅರವಟ್ಟಿಗೆಗಳ ಮುಂದೆ ಜಾತಿಯ ಕಾವಲಿತ್ತು. ದಲಿತರು ಬಿಸಿಲಲ್ಲಿ ನಿಂತು ಬೇರೆಯವರು ಹೊಯ್ಯುವ ನೀರಿಗೆ ಕೈಯೊಡ್ಡಬೇಕಿತ್ತು. ಮಾಳಿಗೆಯ ಮೇಲಿನ ಸಂಡಿಗೆಯ ದುಡಿಮೆ ಪೂರ್ತಿ ಹೆಂಗಸರ ತಲೆಯ ಮೇಲಿತ್ತು. ನಾವು ಮತ್ತೆ ಕಟ್ಟುವ ನೆರಳು ಎಲ್ಲರದ್ದಾಗಬೇಕು, ಸಂಡಿಗೆ ಹಾಕಲು ಮನೆಯ ಗಂಡಸರೂ ಮಾಳಿಗೆ ಹತ್ತಬೇಕು.

ಮಕ್ಕಳ ಮಾತನ್ನೂ ಇಲ್ಲಿ ಹೇಳಬೇಕು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸಿಗುವ ರಜೆಯನ್ನು ಮುಂದಿನ ತರಗತಿಯ ಕೋಚಿಂಗ್‌ಗೆ ಮುಡಿಪಿಡುವ ತಂದೆತಾಯಂದಿರ ಆತಂಕ ಸುಳ್ಳಲ್ಲ. ಪೈಪೋಟಿ ಇದೆ, ಇಬ್ಬರೂ ದುಡಿಯುವ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೂ ಇಲ್ಲ. ಆದರೆ ಒಂದು ಕಾದಂಬರಿ ಓದಿದ, ಹತ್ತು ಮರಗಳ ಹೆಸರು ಕಲಿತ, ಒಂದು ರಾತ್ರಿ ಆಟ ನೋಡಿದ, ತಾನೇ ಪಾನಕ ಬೆರೆಸಿದ ಮಗು ಯಾವ ಪಾಠದಲ್ಲೂ ಹಿಂದೆ ಬೀಳುವುದಿಲ್ಲ. ಭಾಷೆ, ಗಮನ, ತಾಳ್ಮೆಯನ್ನು ಅದು ಗಳಿಸಿರುತ್ತದೆ, ಮತ್ತು ತನ್ನ ಊರನ್ನು ಬಲ್ಲ ಮಗುವಾಗಿರುತ್ತದೆ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಬಡಾವಣೆಯ ಗ್ರಂಥಾಲಯಗಳಲ್ಲಿ ಶುಲ್ಕವಿಲ್ಲದ ಬೇಸಿಗೆ ಶಿಬಿರಗಳು ನಡೆದರೆ ದುಡಿಯುವವರ ಮಕ್ಕಳಿಗೂ ಈ ಭಾಗ್ಯ ಸಿಗುತ್ತದೆ.

ಆದ್ದರಿಂದ ಈ ಬೇಸಿಗೆಯಲ್ಲಿ ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪ, ಊರಿನಲ್ಲಿ ಕೇಳಬೇಕಾದ್ದು ಬಹಳ. ಮನೆಯಲ್ಲಿ ಒಂದು ಮಣ್ಣಿನ ಹೂಜಿ, ಒಂದು ದೊಡ್ಡ ಪುಸ್ತಕ, ಸಂಜೆ ಒಂದು ತಾಸಿನ ನಡಿಗೆ ಸಾಕು. ಊರಿನಲ್ಲಿ, ಗ್ರಂಥಾಲಯ ಮಧ್ಯಾಹ್ನ ಏಕೆ ಮುಚ್ಚಿದೆ, ನಡುಹಗಲಿನಲ್ಲಿ ಪಾರ್ಕಿನ ಗೇಟಿಗೆ ಬೀಗ ಏಕೆ, ಬಸ್ ತಂಗುದಾಣಕ್ಕೆ ನೆರಳೇಕಿಲ್ಲ, ಗುಂಡುತೋಪಿನ ಸರ್ವೆ ನಂಬರಿನಲ್ಲಿ ಈಗ ಏನಿದೆ ಎಂದು ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ನಿಮ್ಮ ಬೀದಿಯಲ್ಲಿ ಒಂದು ಅರವಟ್ಟಿಗೆ ಇಡಿ. ಲೋಟ ಎಲ್ಲರಿಗೂ ಒಂದೇ ಇರಲಿ. ಮೊದಲ ಮುಂಗಾರು ಮಳೆ ಬಿದ್ದ ವಾರ ಒಂದು ಹೊಂಗೆಯ ಸಸಿ ನೆಟ್ಟು, ಬರುವ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿ.